ಅಲ್ಲಾಡಬೇಡಿ ಮೇಷ್ಟ್ರೆ

ಈಗಲೇ ಹೇಳಿಬಿಡಬೇಕೋ, ಹುಡುಗನಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕೋ? ಹೇಳಿದರೆ ಅಪ್ಪನ ಮುಂದೆ ಹುಡುಗ ಸುಳ್ಳುಗಾರನಾಗುತ್ತಾನೆ. ಹೇಳದಿದ್ದರೆ ತಾನೂ ಆ ಸುಳ್ಳಿಗೆ ಜೊತೆಯಾದಂತೆ. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ, ಅಂಜಿನಪ್ಪನ ಕಟಿಂಗ್ ಶಾಪಿನಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಸಂಗಮೇಶ್‌ಗೆ ಎದ್ದು ಹೋಗುವ ದಾರಿಯೂ ಇರಲಿಲ್ಲ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಷ್ಟ್ರೆ," ಅಂದ ಅಂಜಿನಪ್ಪ, ರೇಜರಿಗೆ ಹೊಸ ಬ್ಲೇಡ್ ಸಿಕ್ಕಿಸುತ್ತ. "ಒಂಬತ್ತನೇ ಕ್ಲಾಸಿಂದ್ಲೇ ಸ್ಕೂಲಲ್ಲಿ ಕಸುಬು ಕಲಿಸ್ತಾರಂತೆ. ನಮ್ಮ ಸಿದ್ದಾರ್ಥ ಕಂಪ್ಯೂಟರ್ ತಗಂಡವ್ನೆ. ಅವರವ್ವ ನೆನ್ನೆ ಪಾಯಸ ಮಾಡಿದ್ಲು."

ಸಂಗಮೇಶ್ ಕಣ್ಣು ಮುಚ್ಚಿಕೊಂಡ. ಶಾಲೆಯಲ್ಲಿ ವೃತ್ತಿ ವಿಷಯಗಳನ್ನು ನೋಡಿಕೊಳ್ಳುವ ಮೇಷ್ಟ್ರು ಅವನೇ. ಮೂರನೇ ಭಾಷೆಯ ಬದಲು ಕಂಪ್ಯೂಟರ್, ಇಲ್ಲವೇ ಬ್ಯೂಟಿ ಅಂಡ್ ವೆಲ್‌ನೆಸ್. ಸಿದ್ದಾರ್ಥ ಆರಿಸಿಕೊಂಡದ್ದು ಎರಡನೆಯದನ್ನು. ಹುಡುಗಿಯರೇ ತುಂಬಿದ್ದ ಆ ಗುಂಪಿಗೆ ಬಂದು ನಿಂತ ಒಬ್ಬನೇ ಹುಡುಗ. "ತುಮಕೂರಲ್ಲಿ ಎ.ಸಿ. ಸಲೂನ್ ನೋಡಿದೀನಿ ಸಾರ್. ಅಲ್ಲಿ ಕತ್ತರಿ ಹಿಡಿಯೋರು ನಮ್ಮೋರಲ್ಲ, ಯಾರ್ಯಾರೋ. ಇಂಗ್ಲಿಷಲ್ಲಿ ಮಾತಾಡ್ತಾರೆ. ಅವರನ್ನ ಯಾರೂ ಏನೂ ಅನ್ನಲ್ಲ," ಅಂದಿದ್ದ. ಹೊರಡುವಾಗ, "ಅಪ್ಪಂಗೆ ಹೇಳ್ಬೇಡಿ," ಅಂದಿದ್ದ. ಆಗ ಹುಡುಗ ಹೇಳಿದ್ದು ಸರಿ ಅನ್ನಿಸಿ ಸಂಗಮೇಶ್ ಮಾತು ಕೊಟ್ಟಿದ್ದ. ಈಗ ಅಪ್ಪನ ಸಂತೋಷವೂ ಸರಿ ಅನ್ನಿಸುತ್ತಿದೆ. ಎರಡೂ ಹೇಗೆ ಸರಿಯಾಗುತ್ತವೆ ಎಂಬುದೇ ಅವನಿಗೆ ತಿಳಿಯಲಿಲ್ಲ.

"ಈ ಅಂಗಡೀಲಿ ಪೊರಕೆ ಮುಟ್ಟಕ್ಕೂ ಬುಟ್ಟಿಲ್ಲ ನಾನು ಅವನ್ನ," ಎನ್ನುತ್ತ ಅಂಜಿನಪ್ಪ ಎಡಗೆನ್ನೆ ಮುಗಿಸಿದ. "ಭಾನುವಾರ ಎಷ್ಟೇ ರಶ್ ಇರ್ಲಿ, ಒಳಗೆ ಕರೆಯಲ್ಲ."

ಅಷ್ಟರಲ್ಲಿ ಸಿದ್ದಾರ್ಥ ಅಪ್ಪನ ಊಟದ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದ. ಕುರ್ಚಿಯಲ್ಲಿರುವುದು ಯಾರೆಂದು ಕನ್ನಡಿಯಲ್ಲಿ ಕಂಡದ್ದೇ ಅವನ ಮುಖ ಕಪ್ಪಿಟ್ಟಿತು.

"ಹೇಳ್ಬಿಟ್ರಾ ಸಾರ್?"

ರೇಜರ್ ನಿಂತಿತು. ಸಂಗಮೇಶ್‌ನ ಅರ್ಧ ಮುಖ ನುಣ್ಣಗಿತ್ತು, ಇನ್ನರ್ಧ ನೊರೆ.

"ಏನ್ಲಾ ಹೇಳೋದು?" ಅಂದ ಅಂಜಿನಪ್ಪ.

ಹುಡುಗ ಕ್ಯಾರಿಯರನ್ನು ಬೆಂಚಿನ ಮೇಲಿಟ್ಟ. "ಕಂಪ್ಯೂಟರ್ ಅಲ್ಲಪ್ಪ ನಾನ್ ತಗೊಂಡಿರೋದು. ಬ್ಯೂಟಿ ಅಂಡ್ ವೆಲ್‌ನೆಸ್."

"ಹಂಗಂದ್ರೆ?"

ಸಿದ್ದಾರ್ಥ ಕನ್ನಡಿ ನೋಡಿದ, ಬಾಚಣಿಗೆಗಳನ್ನು ನೋಡಿದ. "ಇದೇ," ಅಂದ.

ಅಂಜಿನಪ್ಪ ಮಗನ ಕಡೆ ತಿರುಗಲಿಲ್ಲ. ಕನ್ನಡಿಯಲ್ಲಿ ಮೇಷ್ಟ್ರನ್ನು ನೋಡಿದ. "ಇದಕ್ಕೂ ಪರೀಕ್ಷೆ ಇಟ್ಟವ್ರಾ?"

"ಸರ್ಟಿಫಿಕೇಟ್ ಕೂಡ ಕೊಡ್ತಾರೆ. ಈಗ ಕಾಲ ಬೇರೆ ಅಂಜಿನಪ್ಪ. ಯಾವ ಕೆಲಸವೂ ಕೀಳಲ್ಲ," ಅಂದ ಸಂಗಮೇಶ್. ತರಗತಿಯಲ್ಲಿ ಸಲೀಸಾಗಿ ಬರುವ ಮಾತು ಇಲ್ಲಿ ನೊರೆಯೊಳಗಿಂದ ತಡವರಿಸಿಕೊಂಡು ಬಂತು.

"ನಮ್ಮೂರು ಚೇಳೂರಲ್ಲಿ ನಮ್ಮಪ್ಪ ನಿಮ್ಮನೆ ಹಿತ್ಲಲ್ಲಿ ಕೂತ್ಕಂಡು ನಿಮ್ಮಜ್ಜಾರಿಗೆ ಚೌರ ಮಾಡ್ತಿದ್ದ. ಸರ್ಟಿಫಿಕೇಟ್ ಐತೇನ್ಲಾ ಅಂತ ಅವರು ಕೇಳಿದ್ದಿಲ್ಲ ಬುಡಿ." ಅಂಜಿನಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ತಮಾಷೆಯೂ ಇರಲಿಲ್ಲ. "ಹಿತ್ಲ ಬಾಗ್ಲಲ್ಲಿ ಬಂದು ಹಿತ್ಲ ಬಾಗ್ಲಲ್ಲೇ ಹೋಗೋನು. ನಡುಮನೆ ಹೆಂಗೈತೆ ಅಂತ ಸಾಯೋಗಂಟ ನೋಡ್ಲಿಲ್ಲ."

"ಈಗ ಹಂಗಿಲ್ಲಪ್ಪ," ಅಂದ ಹುಡುಗ.

"ನಿಂಗೇನ್ಲಾ ಗೊತ್ತು?"

"ನಂಗಿಷ್ಟ ಕಣಪ್ಪ ಈ ಕೆಲಸ," ಅಂದ ಸಿದ್ದಾರ್ಥ. "ನೀನು ಒಳಗೆ ಬಿಟ್ಕೊಳ್ಲಿಲ್ಲ. ಬಾಗ್ಲಲ್ಲಿ ನಿಂತ್ಕೊಂಡು ನೋಡ್ತಾನೇ ಬೆಳೆದೆ."

ಅಂಜಿನಪ್ಪ ಮತ್ತೆ ರೇಜರ್ ಎತ್ತಿದ. ಬಲಗೆನ್ನೆಯನ್ನೂ ಗದ್ದವನ್ನೂ ಮುಗಿಸಿದ. ಆಮೇಲೆ ಎರಡು ಬೆರಳಲ್ಲಿ ಮೇಷ್ಟ್ರ ಮೂಗಿನ ತುದಿ ಎತ್ತಿ ಹಿಡಿದು, ಮೇಲ್ದುಟಿಯ ಮೇಲೆ ರೇಜರ್ ಇಟ್ಟ.

"ಒಂದ್ ಮಾತು ಕೇಳ್ತೀನಿ. ಅಲ್ಲಾಡಬೇಡಿ ಮೇಷ್ಟ್ರೆ. ನಿಮ್ಮ ಮಗಳು ಕಾವ್ಯಮ್ಮನೂ ಇವನ ವಾರಿಗೇದೇ ಅಲ್ವಾ? ತುಮಕೂರಲ್ಲಿ ಓದ್ತಾ ಐತೆ. ಆ ಮಗು ಬಂದು, ಅಪ್ಪ ನಾನು ಇದನ್ನೇ ಕಲೀತೀನಿ ಅಂದ್ರೆ ಹ್ಞೂಂ ಅಂತೀರಾ? ನೀವು ಹ್ಞೂಂ ಅಂದ್ರೆ ನಾನೂ ಹ್ಞೂಂ. ಇವತ್ತಿಂದ್ಲೇ ಇವನ ಕೈಗೆ ಕತ್ತರಿ ಕೊಡ್ತೀನಿ."

ಬ್ಲೇಡ್ ಮೂಗಿನ ಕೆಳಗೆ ಸರಿಯುತ್ತಿತ್ತು. ಬಾಯಿ ತೆರೆಯದಿರಲು ಅದೊಂದು ನೆಪವಾಯಿತು. ಅದು ಇನ್ನಷ್ಟು ನಿಧಾನವಾಗಲಿ ಎಂದು ಸಂಗಮೇಶ್ ಬಯಸಿದ. ಕನ್ನಡಿಯ ಅಂಚಿನಲ್ಲಿ ಹುಡುಗ ಕಾಣುತ್ತಿದ್ದ. ಅವನಿಗೆ ಅನುಮಾನವೇ ಇದ್ದಂತಿರಲಿಲ್ಲ. ತುಟಿಯಲ್ಲಿ ಆಗಲೇ ಸಣ್ಣ ನಗು ಮೂಡುತ್ತಿತ್ತು.

ರೇಜರ್ ಕೆಳಗಿಳಿಯಿತು. ಅಂಜಿನಪ್ಪ ಮುಖಕ್ಕೆ ನೀರು ಚಿಮುಕಿಸಿದ, ಪಟಿಕದ ಕಲ್ಲು ಉಜ್ಜಿದ, ಒರೆಸಿದ. ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದ. ಯಾರೂ ಅವಸರ ಮಾಡಲಿಲ್ಲ. ಕೇಳಿದ ಪ್ರಶ್ನೆಯನ್ನು ಅಂಜಿನಪ್ಪ ಇನ್ನೊಂದು ಸಲ ಕೇಳಲಿಲ್ಲ.

ಸಂಗಮೇಶ್ ಎದ್ದು ನಿಂತು ಗದ್ದ ಸವರಿಕೊಂಡ. "ನಾಳೆ ಸಂಜೆವರೆಗೂ ಟೈಮ್ ಇದೆ," ಅಂದ. "ಇಬ್ರೂ ಕೂತು ಮಾತಾಡಿ. ವಿಷಯ ಬದಲಾಯಿಸಬೇಕು ಅಂದ್ರೆ ಬದಲಾಯಿಸೋಣ."

ಅಂಜಿನಪ್ಪ ತಲೆಯಾಡಿಸಿ ರೇಜರ್ ತೊಳೆಯಲು ತಿರುಗಿದ. ಸಿದ್ದಾರ್ಥ ಬಾಗಿಲಲ್ಲಿ ದಾರಿ ಬಿಡದೆ ಒಂದು ಕ್ಷಣ ಹಾಗೇ ನಿಂತಿದ್ದ. ಆಮೇಲೆ ಪಕ್ಕಕ್ಕೆ ಸರಿದ.

ಕಾವ್ಯಳಿಗೆ ತಾನು ಹ್ಞೂಂ ಅನ್ನುತ್ತಿರಲಿಲ್ಲ ಎಂಬುದನ್ನು ಸಂಗಮೇಶ್ ಹೇಳಲಿಲ್ಲ.