ಯಾರಿಂದ, ಯಾರಿಗೆ

ಚೊಚ್ಚಲ ಹೆರಿಗೆಯ ನೋವನ್ನು ಹಡೆದವ್ವ ಹೊರುವುದು ಈಗ ತವರಿನ ಪದ್ಧತಿ. ಅದಕ್ಕೇ ಚನ್ನವ್ವ ಮಗಳು ದಾಕ್ಷಾಯಣಿಯ ಮಂಚದ ಪಕ್ಕ ಕೂತು, ನೋವು ಸಾಗಿಸುವ ಯಂತ್ರದ ಪಟ್ಟಿಯನ್ನು ಮುಂಗೈಗೆ ಕಟ್ಟಿಸಿಕೊಂಡಿದ್ದಳು. ಯಂತ್ರ ಬಾಯಿಮಾತಿನ ಆಜ್ಞೆ ಕೇಳುತ್ತಿತ್ತು. ಸಿಸ್ಟರ್ ಹೊಸ ಆಜ್ಞೆಯಂತೆ ಇಬ್ಬರ ಹೆಸರು ಹೇಳಿದ್ದೇ ತಡ, ಚನ್ನವ್ವನ ಎಷ್ಟೋ ವರ್ಷದ ಮಂಡಿನೋವು ಮಂಗಮಾಯವಾಯಿತು. ಹೆರಿಗೆ ನೋವು ತಿನ್ನುತ್ತಿದ್ದ ಮಗಳು ಈಗ ಮಂಡಿಯನ್ನೂ ಹಿಡಿದುಕೊಂಡು ಚೀರಿದಳು.

ಅಂದು ಬೆಳಿಗ್ಗೆಯಷ್ಟೇ ಆಜ್ಞೆಗಳನ್ನು ಬದಲಿಸಿದ್ದ, ಯಂತ್ರದ ಕಂಪನಿಯ ಸುಮುಖ ಓಡಿಬಂದ.

"ಮೊದಲು 'ನೋವು ಸಾಗಿಸು, ಯಾರಿಂದ: ಇಂಥವರು, ಯಾರಿಗೆ: ಇಂಥವರು' ಅಂತಿದ್ವಿ," ಎಂದಳು ಸಿಸ್ಟರ್. "ಆ ಎರಡು ಮಾತು ಯಾಕ ತಗದ್ರಿ?"

"ಉದ್ದ ಆಗ್ತಿತ್ತು ಸಿಸ್ಟರ್. ಬರೀ ಎರಡು ಹೆಸರಿದ್ರೆ ಚೊಕ್ಕವಾಗಿರುತ್ತೆ. ಯಾವುದು ಮೊದಲು ಅನ್ನೋದು ಯಾರಿಗಾದ್ರೂ ಅರ್ಥ ಆಗುತ್ತೆ."

ಚನ್ನವ್ವನ ಸಿಟ್ಟು ನೆತ್ತಿಗೇರಿತು. ಕೋಲಿಲ್ಲದೆ ನೆಟ್ಟಗೆ ಎದ್ದು ನಿಂತಳು. ಹಾಗೆ ನಿಲ್ಲಲಾದದ್ದೇ ಅವಳ ಹೊಟ್ಟೆಗೆ ಬೆಂಕಿ ಇಟ್ಟಂತಾಯಿತು. ತನ್ನ ಪಟ್ಟಿ ಬಿಚ್ಚಿ ಅವನ ಮುಂಗೈಗೆ ಬಿಗಿದಳು.

"ಕೂಡು ತಮ್ಮಾ. ಸಿಸ್ಟರ್, ಈಗ ಇವನ ಹೆಸರು, ನನ್ನ ಮಗಳ ಹೆಸರು ಹೇಳ್ರಿ. ಯಾವುದು ಮೊದಲಂತ ಇವಗ ತಿಳಿಸಬ್ಯಾಡ್ರಿ."

ಸುಮುಖ ಪಟ್ಟಿಗೆ ಕೈ ಹಾಕಿದ. "ತಡೀರಿ," ಎಂದ. "ಯಾರಿಂದ, ಯಾರಿಗೆ ಅಂತ ಸ್ವಲ್ಪ ಬಿಡಿಸಿ ಹೇಳಿ."

"ಉದ್ದ ಆಗ್ತೈತಿ," ಎನ್ನುತ್ತಾ ಚನ್ನವ್ವ ಸಿಸ್ಟರ್ ಕಡೆ ತಿರುಗಿದಳು. "ಹೇಳ್ರಿ."