ಗೌರಿ ಉಡುವ ಸೀರೆ

"ಬಣ್ಣ ಬಿಡುದಿಲ್ವಾ?" ಎಂದು ಸಾಹುಕಾರರು ಕೇಳಿದ್ದೇ ತಡ, ಉದಯಶಂಕರ ಎದೆ ತಟ್ಟಿಕೊಂಡ.

"ಬಿಡುದೆಂತ! ನನ್ನ ಹೆಂಡತಿ ಎರಡು ವರ್ಷದಿಂದ ಇಂಥದ್ದನ್ನೇ ಉಡುದು ಸ್ವಾಮಿ!"

ಮೂವತ್ತೆರಡು ದಾಟಿದರೂ ಅವನಿಗೆ ಹೆಂಡತಿ ಎಂಬುವಳೇ ಇರಲಿಲ್ಲ. ಆದರೆ ಪುತ್ತೂರಿನ ಆ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರೆಲ್ಲ ಹೇಳುತ್ತಿದ್ದ ಮಾತು ಅದೇ. ಇವತ್ತಂತೂ ಹೇಳಲೇಬೇಕಿತ್ತು. ಕಪಾಟು ಬಿಟ್ಟು ಇಳಿಯದ ಆ ರೇಷ್ಮೆ ಸೀರೆ ಮಾರಿದರೆ ಮಾತ್ರ ಆದಿತ್ಯವಾರ ರಜೆ ಎಂದು ಧಣಿ ತ್ಯಾಂಪಣ್ಣ ಕಡ್ಡಿ ಮುರಿದಂತೆ ಹೇಳಿದ್ದರು. ಆದಿತ್ಯವಾರ ಮಂಡೆಕೋಲಿನಲ್ಲಿ ಹೆಣ್ಣು ನೋಡುವುದಿತ್ತು. ತಂದೆಯಿಲ್ಲದ ಬಡ ಹುಡುಗಿ. ರಜೆ ಸಿಗದೆ ಎರಡು ಸಲ ತಪ್ಪಿಹೋಗಿತ್ತು. ಈ ಸಲವೂ ಹೋಗದಿದ್ದರೆ ಅವಳು ಬೇರೆಯವರ ಪಾಲು. ಇದ್ದ ನಾಲ್ಕು ಕೂದಲನ್ನು ಎತ್ತ ಬಾಚಿದರೆ ಬೋಳು ಮುಚ್ಚೀತು ಎಂಬುದೇ ಅವನ ದಿನಬೆಳಗಿನ ಚಿಂತೆಯಾಗಿತ್ತು.

ಸಾಹುಕಾರರದು ಘಟ್ಟದ ಮೇಲೆ ಕಾಫಿ ತೋಟವಂತೆ. ಗುಂಡ್ಯ ದಾಟಿ ಬಂದ ಅವರ ಕಾರು ಅಂಗಡಿಯೆದುರು ನಿಂತಿತ್ತು. ದುಡ್ಡಿದ್ದರೂ ಧಿಮಾಕಿಲ್ಲ. ತರಿಸಿಕೊಟ್ಟ ಮಜ್ಜಿಗೆ ಕುಡಿಯುತ್ತ ಆರಾಮವಾಗಿ ಮಾತಿಗಿಳಿದರು.

"ಮನೆಯವರ ಹೆಸರೆಂತ?"

ಗಿರಾಕಿಗಳು ಇದನ್ನು ಕೇಳುವ ಪದ್ಧತಿಯಿರಲಿಲ್ಲ. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಮನೆಯ ಹಟ್ಟಿಯಲ್ಲಿದ್ದ ದನದ ಹೆಸರು.

"ಗೌರಿ."

"ಮಕ್ಕಳು?"

"ಎರಡುಂಟು. ಭಾರಿ ಪೋಕ್ರಿಗಳು!"

ಆಮೇಲೆ ಸಂಸಾರ ಹೂಡಿದ್ದೇ ಹೂಡಿದ್ದು. ಕಿರಿಯವನಿಗೆ ಹಲ್ಲು ಬಂತು, ಗೌರಿಗೆ ಸೊಂಟನೋವು ಬಂತು. ಅಯ್ಯೋ ಮುಟ್ಠಾಳ, ಹೆಣ್ಣೇ ಸಿಗದವನಿಗೆ ಎಷ್ಟು ಬೇಗ ಮನೆ ತುಂಬಿತು ಎಂದು ಅವನಿಗೇ ನಗು ಬಂತು. ಸಾಹುಕಾರರು ಚೌಕಾಶಿಯಿಲ್ಲದೆ ಸೀರೆ ಕೊಂಡರು. "ಒಳ್ಳೆ ಸಂಸಾರಸ್ಥ ನೀವು" ಎಂದು ಬೆನ್ನು ತಟ್ಟಿ ಹೋದರು. ರಜೆ ಸಿಕ್ಕಿತು.

ಆದಿತ್ಯವಾರ ತಾಯಿ ಶಂಕರಿಯಮ್ಮನ ಜೊತೆ ಮಂಡೆಕೋಲಿನ ಆ ಮನೆಯ ಜಗಲಿಯಲ್ಲಿ ಕುಳಿತ. ಹುಡುಗಿ ಮೂಕಾಂಬಿಕಾ ಬೆಲ್ಲ ನೀರು ತಂದಿಟ್ಟು, ಅವನನ್ನು ನೋಡಿ ಸಣ್ಣಗೆ ನಕ್ಕಳು. ಉದಯಶಂಕರನಿಗೆ ಅಷ್ಟೇ ಸಾಕಾಯಿತು. ಮದುವೆಯಾದರೆ ಇವಳನ್ನೇ ಎಂದುಕೊಂಡ. ಹುಡುಗಿಯ ತಾಯಿಗೂ ಒಪ್ಪಿಗೆಯಾದಂತಿತ್ತು.

"ಇನ್ನು ನನ್ನ ಅಣ್ಣ ಹೂಂ ಅಂದ್ರೆ ಆಯ್ತು" ಎಂದರು ಆಕೆ. "ನಮಗೆ ಹಿರಿಯ ಅಂತ ಇರುದು ಅವನೊಬ್ಬನೇ. ಹುಡುಗಿಯ ಮದುವೆಗಾಗಿಯೇ ಘಟ್ಟ ಇಳಿದು ಬಂದಿದ್ದಾನೆ. ಅಗೋ, ಬಂದ."

ಅಣ್ಣ ಕಾಲು ತೊಳೆದು ಜಗಲಿ ಹತ್ತಿದರು. ಉದಯಶಂಕರನನ್ನು ಕಂಡದ್ದೇ ಅವರ ಮುಖ ಅರಳಿತು. ಎರಡೂ ಕೈ ಹಿಡಿದು ಕುಲುಕಿದರು.

"ಅರೆ, ನೀವಾ! ನೀವೇ ಜೊತೆಗೆ ಬಂದದ್ದು ಭಾರಿ ಒಳ್ಳೇದಾಯ್ತು ಮಾರಾಯ್ರೆ" ಎಂದವರು ಅಂಗಳದತ್ತ ಕತ್ತು ಚಾಚಿ ನೋಡಿದರು. "ಹುಡುಗ ಎಲ್ಲಿ?"