ಎಡಗೈಯ ಅಳತೆ

ಆ ಕಾಡಿನಲ್ಲಿ ಇರುವೆಯನ್ನು ಅಳೆದವರು ತಮ್ಮ ಕೈಯನ್ನೂ ಇರುವೆಗಳಿಗೆ ಅಳೆಯಲು ಕೊಡಬೇಕು. ಹನ್ನೊಂದು ವರ್ಷಗಳಿಂದ ಇರುವೆಗಳ ಜಾತಿ ಗುರುತಿಸುತ್ತಿದ್ದ ಚೋಂದಮ್ಮನಿಗೆ ಇದು ಊಟವಾದ ಮೇಲೆ ಕೈ ತೊಳೆದಷ್ಟೇ ಸಹಜ. ಬಲಗೈ ಚಾಚಿದರೆ ಹತ್ತು ನಿಮಿಷ ಓಡಾಡಿ, ಗೊತ್ತಿರುವ ಪ್ರಾಣಿಯೇ ಬಿಡು ಎಂಬಂತೆ ಇಳಿದು ಹೋಗುತ್ತಿದ್ದವು.

ಇವತ್ತು ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಸಿಕ್ಕ ಇರುವೆಯ ಸೊಂಟದಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ಮೂರನೆಯ ಗಂಟಿತ್ತು. ಹೊಸ ಜಾತಿ! ಉಸಿರು ಬಿಗಿಹಿಡಿದು, ಅಲುಗಾಡದೆ ನೋಡಿದ್ದಳು.

ಈಗ ಅವುಗಳ ಸರದಿ. ಗಂಜಿಯ ಪಾತ್ರೆ ತಗುಲಿ ಬಲಗೈ ಸುಟ್ಟಿದ್ದರಿಂದ ಮೊದಲ ಸಲ ಎಡಗೈಯನ್ನು ಮೇಜಿನ ಮೇಲಿಟ್ಟಳು. ಇರುವೆಗಳು ಮಣಿಕಟ್ಟು ಹತ್ತಿ, ಮೀಸೆಯಾಡಿಸುತ್ತ ಒಂದೊಂದೇ ಬೆರಳು ದಾಟಿದವು. ಕಿರುಬೆರಳ ಪಕ್ಕ, ಹುಟ್ಟಿನಿಂದಲೇ ಇದ್ದ ಪುಟ್ಟ ಆರನೆಯ ಬೆರಳಿಗೆ ಬಂದದ್ದೇ ಇಡೀ ಸಾಲು ನಿಂತುಬಿಟ್ಟಿತು.

"ಗಂಟೆಯಾಯ್ತಲ್ಲಮ್ಮಾ, ಇನ್ನೂ ಯಾಕೆ ಇಳೀತಿಲ್ಲ ಇವು?" ಬಾಗಿಲಲ್ಲಿ ನಿಂತಿದ್ದ ಅರಣ್ಯ ಕಾವಲುಗಾರ ದೂಮಣ್ಣ ಒಂದು ಹೆಜ್ಜೆ ಒಳಗೆ ಬಂದ. "ಕೈ ತೆಗೀರಿ!"

ತೆಗೆಯಲು ನೋಡಿದಳು. ಅಂಗೈಯಡಿ, ಅವಳಿಗೆ ಕಾಣದಂತೆ, ಇನ್ನೊಂದು ಸಾಲು ತಂದು ಸುರಿದ ಮರದ ಅಂಟು ಆಗಲೇ ಕಲ್ಲಾಗಿತ್ತು.

ಸಾವಿರ ಇರುವೆಗಳಲ್ಲಿ ಒಂದೂ ಮಿಸುಕಲಿಲ್ಲ. ಆ ನಿಶ್ಚಲತೆಯ ಗುರುತು ಅವಳಿಗೆ ತಟ್ಟನೆ ಹತ್ತಿತು. ಹೊಸದನ್ನು ಕಂಡವರ ಸಂತೋಷ ಅದು. ಬೆಳಿಗ್ಗೆ ಅದೇ ಸಂತೋಷದಲ್ಲಿ ತಾನು ಮಾಡಿದ ಮೊದಲ ಕೆಲಸವೂ ನೆನಪಾಯಿತು: ಮಾದರಿಗಳನ್ನು ಕೆಡದಂತೆ ಇಡುವ ಸ್ಪಿರಿಟ್ ಸೀಸೆಯ ಮುಚ್ಚಳ ತೆಗೆದು, ಒಂದು ಕಾಲೂ ಮುರಿಯದ ಹಾಗೆ, ಆ ಇರುವೆಯನ್ನು ಮೆಲ್ಲಗೆ ಒಳಗೆ ಇಳಿಬಿಟ್ಟಿದ್ದಳು.